ಲೀಟರ್ ರಾಯರು

ಮದುವೆ ಮನೆಯ ಎರಡನೇ ಪಂಕ್ತಿ. ಎಲೆಯ ಮುಂದೆ ಕೂತ ಇಬ್ಬರು ಮಾತಿಗಿಳಿದಿದ್ದರು. “ನಿಮ್ಮದು ಎಷ್ಟು ಲೀಟರ್?” ಎಂದರು ಒಬ್ಬರು. “ಮೊದಲು ಹದಿನೆಂಟು ಇತ್ತು, ಈಗ ಹತ್ತಕ್ಕೆ ಇಳಿಸಿದ್ದೇನೆ. ಮುಂದಿನ ವರ್ಷ ಏಳಕ್ಕೆ ತರಬೇಕು” ಎಂದರು ಇನ್ನೊಬ್ಬರು. ಪಕ್ಕದಲ್ಲಿ ಹುಳಿಯನ್ನ ಕಲಸುತ್ತಿದ್ದ ಹಳ್ಳಿಯ ಹಿರಿಯರಿಗೆ ತಡೆಯಲಾಗಲಿಲ್ಲ. “ಹಿಂಡಿ ಸರಿಯಾಗಿ ಹಾಕ್ತಾ ಇಲ್ಲ ಅಂತ ಕಾಣುತ್ತೆ. ಯಾವ ತಳಿ, ಜರ್ಸಿಯೋ ಎಚ್‌ಎಫ್ಫೋ?”

ಅದು ಹಸುವಲ್ಲ, ಕಂಪ್ಯೂಟರ್. ಹತ್ತಕ್ಕೆ ಇಳಿಸಿದವರೇ ನಮ್ಮ ಲೀಟರ್ ರಾಯರು. ಬೆಂಗಳೂರಿನ ಯಾವ ಐಟಿ ಕಂಪನಿಯ ಯಾವ ಮಹಡಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕ್ಯಾಬಿನೆಟ್ಟಿನ ಉದ್ದ, ಅಗಲ, ಎತ್ತರ ಗುಣಿಸಿ ಲೀಟರಿನಲ್ಲಿ ಹೇಳುವುದು ಇವರ ಪಂಗಡದ ಪದ್ಧತಿ. ಮಾಮೂಲಿ ಟವರ್ ಕ್ಯಾಬಿನೆಟ್ ನಲವತ್ತು, ಐವತ್ತು ಲೀಟರ್ ಇರುತ್ತದೆ. ಇಪ್ಪತ್ತರ ಒಳಗೆ ಬಂದವರಿಗೆ ಪಂಗಡದಲ್ಲಿ ಮಣೆ, ಹತ್ತರ ಒಳಗೆ ಬಂದವರಿಗೆ ಶಾಲು.

ಇದಕ್ಕೆಲ್ಲ ಮೂಲ ತೈವಾನಿನ ವಿಯಾ ಕಂಪನಿ. 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ಮದರ್‌ಬೋರ್ಡ್ 30.5 ಸೆಂಟಿಮೀಟರ್ ಉದ್ದ, 24.4 ಅಗಲ. ವಿಯಾ 2001ರಲ್ಲಿ ಮಿನಿ-ಐಟಿಎಕ್ಸ್ ಎಂದು ಹೇಳಿ ಅದನ್ನು 17 ಸೆಂಟಿಮೀಟರಿನ ಚೌಕಕ್ಕೆ ತಂದಿತು. 2016ರಲ್ಲಿ ಜರ್ಮನಿಯ ಒಬ್ಬ ಹವ್ಯಾಸಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸಿ ‘ಡ್ಯಾನ್ ಎ4’ ಎಂಬ ಪೆಟ್ಟಿಗೆ ಮಾಡಿದ. ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ಮುನಿಸಿಕೊಂಡ ಗಂಡ ಹೆಂಡಿರಂತೆ ಬೆನ್ನಿಗೆ ಬೆನ್ನು ಕೂರಿಸಿ, ನಡುವೆ ಒಂದು ಪಟ್ಟಿ ಕೇಬಲ್ಲಿನ ಸಂಧಾನ ಇಟ್ಟ. ಒಟ್ಟು 7.2 ಲೀಟರ್. ರಾಯರು ಅದರ ಚಿತ್ರ ನೋಡಿದ ಸಂಜೆಯಿಂದ ಅವರ ಹದಿನೆಂಟು ಲೀಟರಿನ ಪೆಟ್ಟಿಗೆಯೂ ಅವರ ಕಣ್ಣಿಗೆ ಅಜ್ಜನ ಕಾಲದ ಬೀರುವಿನಂತೆ ಕಾಣತೊಡಗಿತು.

ಹೊಸ ಪೆಟ್ಟಿಗೆಗೆಂದು ಎಸ್‌.ಪಿ. ರೋಡಿಗೆ ಹೋದರು. ಸಾದರ ಪತ್ರಪ್ಪ ರಸ್ತೆಯೆಂಬ ಪೂರ್ತಿ ಹೆಸರು ಬೋರ್ಡಿಗೆ ಮಾತ್ರ; ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಚ್ಚಿದವರಿಗೆಲ್ಲ ಅದು ಎಸ್‌.ಪಿ. ರೋಡೇ. ಅಂಗಡಿಯವ ಏಳು ಬಣ್ಣದ ದೀಪ, ಆರು ಫ್ಯಾನ್ ಇರುವ ದೊಡ್ಡ ಕ್ಯಾಬಿನೆಟ್ ಎಳೆದಿಟ್ಟ. ರಾಯರು ತಲೆಯಾಡಿಸಿದರು. ಇದಕ್ಕಿಂತ ಚಿಕ್ಕದು ಬೇಕು, ದುಡ್ಡು ಹೆಚ್ಚಾದರೂ ಸರಿ. “ಸಾರ್, ಅರ್ಧ ದುಡ್ಡಿಗೆ ಇದು ಬರುತ್ತೆ, ಗಾಳಿನೂ ಚೆನ್ನಾಗಿ ಆಡುತ್ತೆ” ಎಂದ ಆತ. ಅಂದು ಆ ರಸ್ತೆಯಲ್ಲಿ ಯಾರಾದರೂ ನಿಜ ನುಡಿದಿದ್ದರೆ ಅದು ಆತನೇ. ಆದರೆ ನಿಜ ಕೇಳಲು ರಾಯರು ಅಷ್ಟು ದೂರ ಬಂದಿರಲಿಲ್ಲ.

ಪೆಟ್ಟಿಗೆ ಬಂದ ಮೇಲೆ ರಾಯರ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ವರ್ನಿಯರ್ ಕ್ಯಾಲಿಪರ್ ಬಂತು. ಪ್ರೊಸೆಸರಿನ ಮೇಲೆ ಕೂರುವ ಕೂಲರಿಗೆ ಇರುವ ಎತ್ತರ ಇಷ್ಟೇ ಎಂದು ಗೊತ್ತಾದಾಗ, ಆಸ್ಟ್ರಿಯಾದ ನೊಕ್ಟುವಾ ಕಂಪನಿಯ 37 ಮಿಲಿಮೀಟರ್ ಎತ್ತರದ ಕೂಲರ್ ತರಿಸಿದರು. ಅದೂ ಆ ಕಂಪನಿಯ ಹೆಸರಾದ ಬಣ್ಣದಲ್ಲೇ, ಅರ್ಧ ಕಾಫಿ ಅರ್ಧ ಕೆನೆ. ಮಾಮೂಲಿ ಫ್ಯಾನಿನ ದಪ್ಪ 25 ಮಿಲಿಮೀಟರ್. ಇವರ ಪೆಟ್ಟಿಗೆಗೆ ಹಿಡಿಸುವುದು 15. ಬೋರ್ಡ್, ಕಾರ್ಡ್, ಪವರ್ ಸಪ್ಲೈ ಕೂತಾದ ಮೇಲೆ ಉಳಿದ ವೈರುಗಳನ್ನು ತುರುಕಿ ಬದಿಯ ತಗಡು ಮುಚ್ಚುವಾಗ, ರೇಷ್ಮೆ ಸೀರೆ ತುಂಬಿದ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವವರ ಮುಖ ರಾಯರಿಗೆ ಬಂದಿತ್ತು. ಒಂದು ಸ್ಕ್ರೂ ಒಳಗೆ ಬಿತ್ತು. ಅದನ್ನು ತೆಗೆಯಲು ಎಲ್ಲವನ್ನೂ ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ಅದು ಅವರ ಪಂಚೆಯ ಮಡಿಕೆಯಲ್ಲಿ ಸಿಕ್ಕಿತು.

ಆಮೇಲೆ ಶುರುವಾಯಿತು ಬಿಸಿ.

ರಾಯರು ಇಂಜಿನಿಯರ್, ಲೆಕ್ಕ ಹಾಕಿದರು. ಆಟವಾಡುವಾಗ ಅವರ ಯಂತ್ರ 500 ವಾಟ್ ತಿನ್ನುತ್ತದೆ, ತಿಂದದ್ದೆಲ್ಲ ಬಿಸಿಯಾಗಿ ಹೊರಬರುತ್ತದೆ. ಮನೆಯ ಮಿಕ್ಸಿಯೂ ಅಷ್ಟೇ ತಿನ್ನುವುದು, ಆದರೆ ಚಟ್ನಿ ಎರಡು ನಿಮಿಷದ ಮಾತು. ರಾಯರ ಆಟ ಮೂರು ಗಂಟೆಯದು. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ ಹತ್ತು ಡಿಗ್ರಿಯಷ್ಟೇ ಹೆಚ್ಚು ಬಿಸಿ ಇರಬೇಕೆಂದರೆ ಸೆಕೆಂಡಿಗೆ ಸುಮಾರು 41 ಲೀಟರ್ ಗಾಳಿ ಹರಿಯಬೇಕು. ಪೆಟ್ಟಿಗೆ ಹತ್ತು ಲೀಟರಿನದು. ಅಂದರೆ ಒಳಗಿನ ಗಾಳಿಯೆಲ್ಲ ಪ್ರತಿ ಸೆಕೆಂಡಿಗೆ ನಾಲ್ಕು ಸಲ ಖಾಲಿಯಾಗಿ ತುಂಬಬೇಕು. ಪೆಟ್ಟಿಗೆಯಲ್ಲಿ ಉಳಿಸಿದ ಲೀಟರುಗಳೆಲ್ಲ ಬಡ್ಡಿ ಸಮೇತ ಗಾಳಿಯ ಲೆಕ್ಕಕ್ಕೆ ಬಂದು ಕೂತಿದ್ದವು.

ಗಾಳಿಯನ್ನು ಯಾವ ಕಡೆಯಿಂದ ಎಳೆದು ಯಾವ ಕಡೆಗೆ ಬಿಡಬೇಕು ಎಂಬುದರಲ್ಲಿ ಪಂಗಡದಲ್ಲಿ ಎರಡು ಪಕ್ಷ. ಮೇಲಿನ ಫ್ಯಾನುಗಳು ಬಿಸಿ ಗಾಳಿ ಹೊರದೂಡಲಿ, ತಂಪು ಗಾಳಿ ಬದಿಯ ತೂತುಗಳಿಂದ ತಾನೇ ಬರುತ್ತದೆ ಎನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಸಂದುಗೊಂದುಗಳಿಂದೆಲ್ಲ ಧೂಳು ನುಗ್ಗುತ್ತದೆ, ಜಾಳಿಗೆ ಹಾಕಿದ ಕಡೆಯಿಂದಲೇ ಗಾಳಿ ಒಳದೂಡಿ ಎನ್ನುವವರು ಇನ್ನೊಂದು ಕಡೆ. ಮುದ್ದೆಯನ್ನು ಅಗಿಯಬೇಕೋ ನುಂಗಬೇಕೋ ಎಂಬ ವಾದವೂ ಇಷ್ಟು ಬಿಸಿ ಏರಿದ್ದಿಲ್ಲ. ರಾಯರು ಸೋಮವಾರ ಫ್ಯಾನ್ ಒಳಮುಖ ಮಾಡಿದರು, ಬುಧವಾರ ಹೊರಮುಖ, ಶನಿವಾರ ಒಂದು ಒಳಗೆ ಒಂದು ಹೊರಗೆ. ಕೊನೆಗೆ ಅರ್ಥವಾದದ್ದು ಇಷ್ಟು: ಇಕ್ಕಟ್ಟಿನಲ್ಲಿ ಗಾಳಿ ಎಷ್ಟು ಎನ್ನುವುದಕ್ಕಿಂತ ಅದನ್ನು ನೂಕುವ ಒತ್ತಡ ಎಷ್ಟು ಎನ್ನುವುದು ಮುಖ್ಯ. ಸೀಲಿಂಗ್ ಫ್ಯಾನು ಕೋಣೆಯಷ್ಟು ಗಾಳಿಯನ್ನು ಕದಲಿಸುತ್ತದೆ, ಅಡ್ಡಕ್ಕೊಂದು ಕಂಬಳಿ ಹಿಡಿದರೆ ಸೋಲುತ್ತದೆ. ಅಜ್ಜಿಯ ಊದುಗೊಳವೆ ಒಂದು ಗುಟುಕು ಗಾಳಿಯನ್ನೇ ಬೂದಿ ಸೀಳಿ ಕೆಂಡದವರೆಗೆ ಮುಟ್ಟಿಸುತ್ತದೆ.

ಡಿಗ್ರಿ ಇಳಿಯದ ರಾತ್ರಿಗಳಲ್ಲಿ ರಾಯರು ಪುರಾಣ ಹೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಎಲ್ಲವೂ ಆಪಲ್ ಪುರಾಣಗಳೇ. 1980ರ ಆಪಲ್ 3ಕ್ಕೆ ಸ್ಟೀವ್ ಜಾಬ್ಸ್ ಫ್ಯಾನ್ ಬೇಡವೆಂದರು. ಬಿಸಿಗೆ ಚಿಪ್ಪುಗಳು ಸಡಿಲವಾಗುತ್ತಿದ್ದವು, ಯಂತ್ರವನ್ನು ಎರಡು ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಬಿಡಿ ಎಂಬ ಸಲಹೆ ಬಂತು. 2000ದಲ್ಲಿ ಬಂದ ಜಿ4 ಕ್ಯೂಬಿಗೂ ಫ್ಯಾನ್ ಇರಲಿಲ್ಲ. ಬಿಸಿ ಗಾಳಿ ಹೊಗೆಗೂಡಿನಲ್ಲಿ ಏರಿದಂತೆ ತಾನೇ ಮೇಲೇರಿ ಹೋಗುತ್ತಿತ್ತು. ಒಂದೇ ವರ್ಷಕ್ಕೆ ಅದನ್ನು ನಿಲ್ಲಿಸಿದರು. 2013ರ ಕೊಳವೆಯಾಕಾರದ ಮ್ಯಾಕ್ ಪ್ರೊ ವಿಷಯದಲ್ಲಿ, ಬಿಸಿಯ ಮೂಲೆಗೆ ನಾವೇ ಸಿಕ್ಕಿಕೊಂಡೆವು ಎಂದು ಕಂಪನಿ 2017ರಲ್ಲಿ ಒಪ್ಪಿಕೊಂಡಿತು. “ಅಷ್ಟು ದೊಡ್ಡವರಿಗೇ ಆಗಲಿಲ್ಲ” ಎಂದು ರಾಯರು ಹೇಳುವಾಗ ಧ್ವನಿಯಲ್ಲಿ ದುಃಖಕ್ಕಿಂತ ನೆಂಟಸ್ತನ ಹೆಚ್ಚು.

ಮನೆಯವರಿಗೆ ಇದ್ಯಾವುದೂ ಗೊತ್ತಿಲ್ಲ. ಅವರಮ್ಮನಿಗೆ ಪೆಟ್ಟಿಗೆ ಮುದ್ದಾಗಿ ಕಂಡಿತು. ಟಿವಿಯ ಮೇಲೆ ಹೊದಿಸುತ್ತಿದ್ದ ಕ್ರೋಶಾ ವಸ್ತ್ರ ಟಿವಿ ಚಪ್ಪಟೆಯಾದಾಗಿನಿಂದ ನಿರುದ್ಯೋಗಿಯಾಗಿತ್ತು. ಅದನ್ನು ತಂದು ಸರಿಯಾಗಿ ಬಿಸಿ ಗಾಳಿ ಹೊರಡುವ ಬಾಯಿಗೆ ಹೊದಿಸಿದರು. ರಾಯರು ಆಫೀಸಿನಿಂದ ಬಂದು ನೋಡಿದಾಗ ಪ್ರೊಸೆಸರ್ 95 ಡಿಗ್ರಿ. ಅದು ರೈಜನ್ 7000 ಸರಣಿಯದು; ಆ ಸರಣಿ ಪೂರ್ಣ ದುಡಿಮೆಯಲ್ಲಿ 95 ಮುಟ್ಟುವುದು ಸಹಜವೆಂದು ಅದನ್ನು ಮಾಡಿದ ಎಎಂಡಿಯೇ ಹೇಳಿದೆ. ಆದರೆ ಹಾಗೆಂದು ರಾಯರಿಗೆ ಯಾರೂ ಹೇಳಬಾರದು. ಡಿಸೆಂಬರಿನ ಚಳಿಯಲ್ಲಿ ಇನ್ನೊಂದು ಪ್ರಮಾದವಾಯಿತು. ಹಾಲಿಗೆ ಹೆಪ್ಪು ಹಾಕಿದ ಪಾತ್ರೆ ಪೆಟ್ಟಿಗೆಯ ಮೇಲೆ ಕೂತಿತ್ತು. ಮೊಸರಿನ ಬ್ಯಾಕ್ಟೀರಿಯಕ್ಕೆ ಹಿತವಾದದ್ದು 40ರಿಂದ 45 ಡಿಗ್ರಿ. ಅಮ್ಮ ಯಾವ ಕ್ಯಾಲಿಪರೂ ಇಲ್ಲದೆ ಮನೆಯಲ್ಲಿ ಅದಕ್ಕೆ ತಕ್ಕ ಜಾಗ ಹುಡುಕಿದ್ದರು. ರಾಯರು ಎದೆ ಹಿಡಿದುಕೊಂಡು ಪಾತ್ರೆ ಇಳಿಸಿದರು. ಮೊಸರು ಮಾತ್ರ ಗಟ್ಟಿಯಾಗಿತ್ತು.

ಬಂತು ಏಪ್ರಿಲ್. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡ ಊರು ಇದು. ಕೋಣೆಯ ಗಾಳಿಗಿಂತ ತಂಪಾಗುವುದು ಯಾವ ಫ್ಯಾನಿನಿಂದಲೂ ಸಾಧ್ಯವಿಲ್ಲ. ರಾಯರು ಬದಿಯ ತಗಡು ಕಳಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟರು. “ಇದು ಎಷ್ಟು ಲೀಟರ್ ಆಯಿತು?” ಎಂದು ಹೆಂಡತಿ ಟೇಬಲ್ ಫ್ಯಾನ್ ತೋರಿಸಿ ಕೇಳಿದರು. ಅಂದೇ ತಗಡು ವಾಪಸ್ ಹೋಯಿತು, ಗ್ರಾಫಿಕ್ಸ್ ಕಾರ್ಡಿಗೆ ಒಪ್ಪತ್ತು ಶುರುವಾಯಿತು. ಸಾಲ ಮಾಡಿ ತಂದ ಕಾರ್ಡಿಗೆ ವೋಲ್ಟೇಜು ಕಡಿಮೆ ಕೊಟ್ಟು ಸಾಕುವ ಈ ಪದ್ಧತಿಗೆ ಅಂಡರ್‌ವೋಲ್ಟಿಂಗ್ ಎಂದು ಹೆಸರು. ವಾಟ್ ಇಳಿದಷ್ಟು ವೇಗ ಇಳಿಯುವುದಿಲ್ಲ ಎನ್ನುವುದು ಇದರ ಗುಟ್ಟು. ಪೆಟ್ಟಿಗೆಯ ಕಾಲಿಗೆ ನಾಲ್ಕು ಸೋಡಾ ಮುಚ್ಚಳ ಕೊಟ್ಟು ಎತ್ತರಿಸಿದ್ದಕ್ಕೆ ಅಡಿಯಿಂದಲೂ ಗಾಳಿ ಬಂದು ಮೂರು ಡಿಗ್ರಿ ಇಳಿಯಿತು.

ಉಳಿದದ್ದು ಕೂಲರಿಗೂ ಬದಿಯ ತಗಡಿಗೂ ನಡುವಿನ ಬೆರಳಗಲದ ಸಂದು. ಬಿಸಿ ಗಾಳಿ ಅಲ್ಲೇ ಸುತ್ತಿ ಮತ್ತೆ ಫ್ಯಾನಿನ ಬಾಯಿಗೇ ಬೀಳುತ್ತಿತ್ತು. ರಾಯರು ಆ ಮದುವೆಯ ಲಗ್ನಪತ್ರಿಕೆಯನ್ನೇ ಕತ್ತರಿಸಿ, ಮಡಿಸಿ, ಫ್ಯಾನಿನ ಸುತ್ತ ತಗಡಿನವರೆಗೆ ಗೋಡೆ ಎಬ್ಬಿಸಿದರು. ಹೊರಗಿನ ತಂಪು ಗಾಳಿ ಈಗ ನೇರ ಒಳಗೆ. ಮತ್ತೆ ಆರು ಡಿಗ್ರಿ ಇಳಿಯಿತು. ಟಾರ್ಚ್ ಬಿಟ್ಟು ನೋಡಿದರೆ ಗಾಳಿ ಬರುವ ದಾರಿಯಲ್ಲೇ ಚಿನ್ನದ ಅಕ್ಷರದಲ್ಲಿ ಕಾಣುತ್ತದೆ: ತಮ್ಮ ಸುಖಾಗಮನವನ್ನು ಬಯಸುವವರು.

ನಿಮ್ಮ ಮನೆಗೆ ದಪ್ಪ ಕಾರ್ಡಿನ ಲಗ್ನಪತ್ರಿಕೆ ಬಂದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ರಾಯರು ಏಳು ಲೀಟರಿನ ಪೆಟ್ಟಿಗೆಗೆ ಮುಂಗಡ ಕೊಟ್ಟಿದ್ದಾರೆ.