ಎರಡೂ ಗ್ರೂಪಿನಿಂದ ಹೊರಬಿದ್ದ ಕಾಕಾ

ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆ ಎಲ್ಲಿಯ ಓಣಿಗೆ ಹೋದರೂ ಈ ಕಾಕಾ ಸಿಗುತ್ತಾರೆ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಜೇಬಿನಲ್ಲಿ ಚಾರ್ಜ್ ಮುಗಿದ ಮೊಬೈಲು. ಚಾರ್ಜ್ ತಿನ್ನುವುದು ಎರಡು ವಾಟ್ಸಾಪ್ ಗ್ರೂಪು. ಲಿಂಗಾಯತವೇ ಬೇರೆ ಧರ್ಮ ಎನ್ನುವವರದು ಒಂದು. ವೀರಶೈವ, ಲಿಂಗಾಯತ ಎರಡೂ ಒಂದೇ, ಎಲ್ಲರೂ ಹಿಂದೂಗಳೇ ಎನ್ನುವವರದು ಇನ್ನೊಂದು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ದಿಲ್ಲಿಗೆ ಶಿಫಾರಸು ಮಾಡಿದಂದಿನಿಂದ ಎರಡೂ ಗ್ರೂಪು ನಿದ್ದೆ ಮಾಡಿಲ್ಲ. ಕಾಕಾ ಕೂಡ ಮಾಡಿಲ್ಲ.

ಅವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ, ಆದರೆ ಕೇಳಬಾರದ ಗ್ರೂಪಿನಲ್ಲಿ. ಮೊದಲನೆಯದರಲ್ಲಿ, "ಗುಡಿಗೆ ಹೋಗಬ್ಯಾಡ್ರಿ ಅಂತೀರಿ, ಖರೆ. ಬನದ ಹುಣ್ಣಿವಿಗೆ ಬನಶಂಕರಿ ತೇರಿನ ಮುಂದ ನಿಮ್ಮ ಫೋಟೋ ನಾನಽ ತಗದೇನಲ್ರೀ?" ಎಂದು ಬರೆದರು. ಎರಡನೆಯದರಲ್ಲಿ, "ಎಲ್ಲಾರೂ ಒಂದಽ ಅಂತೀರಿ. ಹರಳಯ್ಯ, ಮಧುವರಸರ ಮನಿ ಜಾತಿ ಮೀರಿದ ಲಗ್ನಕ್ಕ ಶರಣರು ಜೀವಾ ಕೊಟ್ರು. ನೀವು ಮಗನ ಲಗ್ನಕ್ಕ ಒಳಪಂಗಡ ಯಾಕ ಕೇಳ್ತೀರಿ?" ಎಂದರು. ಎರಡೂ ಅಡ್ಮಿನ್‌ಗಳು ಒಂದೇ ಸಂಜೆ ಕಾಕಾನನ್ನು ಹೊರಹಾಕಿದರು. ಆ ಮಟ್ಟಿಗೆ ಏಕತೆ ಸಾಧಿಸಿದ ಕೀರ್ತಿ ಕಾಕಾನದೇ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಕಾಕಾ ಆ ಜೋಳಿಗೆಗೆ ಬೀಡಿ ಹಾಕಿದರು, ತಂಬಾಕು ಹಾಕಿದರು; ವಾದದ ಚಟ ಮಾತ್ರ ಒಳಜೇಬಿನಲ್ಲೇ ಉಳಿಸಿಕೊಂಡರು.

ಒಂದು ಪಾರ್ಟಿಯವರಿಗೆ ಕೂಡಲಸಂಗಮ ಸಾಕು, ಇನ್ನೊಂದು ಪಾರ್ಟಿಯವರಿಗೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರ ಸಾಕು. ಕಾಕಾ ಎರಡಕ್ಕೂ ಹೋಗಿ, ಎರಡೂ ಕಡೆ ಪ್ರಸಾದ ಮತ್ತೊಮ್ಮೆ ಹಾಕಿಸಿಕೊಳ್ಳುತ್ತಾರೆ. ಕೇಳಿದರೆ, "ಮಂದಿರದ ದಂಡಿಗೆ ಹರಿಯೂ ಮಲಪ್ರಭಾನಽ ಸಂಗಮದಾಗ ಕೃಷ್ಣಾ ಕೂಡತೈತಿ. ನಡುವ ಪಟ್ಟದಕಲ್ಲು, ಐಹೊಳಿ ಬರತಾವು, ಚೆಕ್‌ಪೋಸ್ಟ್ ಎಲ್ಲೂ ಇಲ್ಲ" ಎನ್ನುತ್ತಾರೆ. ಇಳಕಲ್ಲಿನ ಮುರ್ತುಜಾ ಖಾದ್ರಿ ದರ್ಗಾದ ಉರುಸಿಗೂ ಸಕ್ಕರೆ ಓದಿಸಿ ಬರುತ್ತಾರೆ. ಆಗ ಎರಡೂ ಗ್ರೂಪಿನವರು ಒಟ್ಟಿಗೆ ಮುಖ ಸಿಂಡರಿಸುತ್ತಾರೆ.

ಇದನ್ನೆಲ್ಲ ಕಂಡವರು ಕಾಕಾ ಎಡಬಿಡಂಗಿ ಎನ್ನುತ್ತಾರೆ. ಅದು ಸುಳ್ಳು. 2025ರ ಸೆಪ್ಟೆಂಬರಿನಲ್ಲಿ ಜಾತಿ ಸಮೀಕ್ಷೆಗೆ ಬಂದ ಅಕ್ಕೋರು ಧರ್ಮದ ಕಾಲಂ ತಲುಪಿದಾಗ ಹಿರಿಮಗ "ಹಿಂದೂ" ಎಂದ, ಕಿರಿಮಗ "ಲಿಂಗಾಯತ" ಎಂದ, ಕಾಕು "ಮೊದಲ ಚಹಾ ಕುಡೀರಿ" ಎಂದರು. ಕಾಕಾ ತಡವರಿಸಲಿಲ್ಲ: "ಬಸವಣ್ಣನ ನಂಬೇನ್ರಿ. ಲಿಂಗಾಯತ ಅಂತ ಬರೀರಿ." ಕಿರಿಯ ಕುಣಿದಾಡಿ ಸ್ಟೇಟಸ್ ಹಾಕಿದ. ಕಾಕಾ ಹಿರಿಯನ ಕಡೆ ತಿರುಗಿ, "ಸೋಮವಾರ ಶಿವಯೋಗಮಂದಿರಕ್ಕ ಹೋಗೂಣು, ಗಾಡಿ ತೊಳದು ಇಡು" ಎಂದರು. ಕಿರಿಯ ಸ್ಟೇಟಸ್ ಅಳಿಸಿದ.

ತನ್ನ ನಂಬಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಅದಕ್ಕಾಗಿ ಪಕ್ಕದ ಮನೆಯ ಹೊಸ್ತಿಲು ಬಿಡಬಾರದು. ಕಾಕಾನ ಸಿದ್ಧಾಂತ ಇಷ್ಟೇ. ಇದನ್ನು ಯಾವ ವೇದಿಕೆಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಲಾಗದು. ಆದರೆ ಸಾವಾದ ಮನೆಯಿಂದ ಮೊದಲ ಫೋನ್ ಹೋಗುವುದು ಅವರಿಗೇ; ಲಗ್ನದ ಮಾತುಕತೆ ಮುರಿದರೆ ಎರಡೂ ಕಡೆಯವರು ಬಂದು ಕೂರುವುದು ಅವರ ಕಟ್ಟೆಗೇ. ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗ್ರೂಪಿನಿಂದ ಬೇಕಾದರೆ ತೆಗೆಯಿರಿ, ನಂಬರ್ ಮಾತ್ರ ಅಳಿಸಬೇಡಿ.