ಎರಡೇ ದಿನದಲ್ಲಿ ಬ್ಯಾಂಕಾಕ್

(ಗ್ರ್ಯಾಂಡ್ ಪ್ಯಾಲೇಸ್ ಮುಂದಿನ ಫುಟ್‌ಪಾತು. ಬೆನ್ನಿಗೆ ಮೂಟೆ ಹೊತ್ತ ಬೆಂಗಳೂರಿನ ದಂಪತಿ.)

ಅವಳು: ಒಳಗೆ ಬಿಡಲ್ಲ ಕಣೋ. ನಿನ್ನ ಚಡ್ಡಿ ಮೊಣಕಾಲು ಮುಚ್ಚಲ್ಲ.

ಅವನು: ಬಿಡೇ, ತಲೆಗೆ 500 ಬಾತ್ ಉಳೀತು!

ಟುಕ್‌ಟುಕ್‌ನವನು: ಅರಮನೆ ಇವತ್ತು ರಜಾ ಸಾರ್! 20 ಬಾತ್‌ಗೆ ಊರೆಲ್ಲ ಸುತ್ತಿಸ್ತೀನಿ.

ಅವನು: ನೋಡು, ದೇವರಂಥ ಮನುಷ್ಯ!

ಅವಳು: ರಜಾ ಆದ್ರೆ ಇಷ್ಟು ಜನ ಒಳಗೆ ಹೋಗ್ತಿರೋದು ಯಾಕೆ? ಇವನು ಸೀದಾ ಹರಳಿನ ಅಂಗಡಿಗೆ ಇಳಿಸ್ತಾನೆ. ಕಮಿಷನ್ ಅವನಿಗೆ, ಗಾಜು ನಮಗೆ.

ಅವನು: ಸರಿ, ವಾಟ್ ಫೋ ದೇವಸ್ಥಾನಕ್ಕೆ ನಡಿ. 46 ಮೀಟರ್ ಉದ್ದದ ಬುದ್ಧ. ಹತ್ತು ನಿಮಿಷ ಸಾಕು.

ಅವಳು: ಅಲ್ಲೂ ಮೊಣಕಾಲು ಮುಚ್ಚಬೇಕು.

ಅವನು: ಬುದ್ಧ ಮಲಗಿದ್ದಾನಲ್ಲ, ನೋಡಲ್ಲ ಬಿಡು.

ಅವಳು: ಪಾದದಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆಗಳಿವೆ. ನಿಂತು ನೋಡಬೇಕು.

ಅವನು: ಫೋಟೋ ತೆಗಿ, ಮನೇಲಿ ಎಣಿಸೋಣ. ಆಮೇಲೆ ದೋಣೀಲಿ ಚಾವೊ ಫ್ರಾಯ ನದಿ ದಾಟಿ ವಾಟ್ ಅರುಣ್. ರಾತ್ರಿ ಖಾವೊ ಸಾನ್ ರಸ್ತೆ.

ಅವಳು: ಊಟ?

ಅವನು: ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಸುರೀತಾರೆ. ಅವಲಕ್ಕಿ, ಚಟ್ನಿಪುಡಿ ಇದೆಯಲ್ಲ!

ಅವಳು: ಲೋಕಲ್ ಥರ ಬದುಕೋಣ ಅಂದಿದ್ದೆಯಲ್ಲೋ?

ಅವನು: ಬಸವನಗುಡಿ ಲೋಕಲ್ ಅಲ್ವೇನೇ? ಸ್ಟೇಟಸ್ ಹಾಕು: ‘ಬ್ಯಾಂಕಾಕ್ ಮುಗೀತು, ನಾಳೆ ಹನೋಯ್.’

ಅವಳು: ಇನ್ನೂ ಏನೂ ನೋಡೇ ಇಲ್ವಲ್ಲೋ!

ಅವನು: ನೋಡೋದು ನಾವಲ್ಲ ಕಣೇ, ಸ್ಟೇಟಸ್ ನೋಡೋರು!