ಹದ್ದುಬಸ್ತು ರಾಯರು

ಕದ್ರಿಯಾಗಲಿ, ಬಿಜೈಯಾಗಲಿ, ಕುಲಶೇಖರವಾಗಲಿ, ಮಂಗಳೂರಿನ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಬ್ಬರು ಹದ್ದುಬಸ್ತು ರಾಯರು ಸಿಕ್ಕೇ ಸಿಗುತ್ತಾರೆ. ಹೆಗಲಲ್ಲಿ ಬೈರಾಸು, ಕೈಯಲ್ಲಿ ಅಳತೆಯ ಟೇಪು. ಬೆಳಿಗ್ಗೆ ಎದ್ದವರು ಹಿತ್ತಿಲ ಮೂಲೆಯ ಗಡಿಕಲ್ಲನ್ನು ನೋಡಿ ಬಂದ ಮೇಲೆಯೇ ಕಾಫಿ. ರಾತ್ರೋರಾತ್ರಿ ಅದಕ್ಕೆ ಕಾಲು ಬಂದರೆ?

ನಮ್ಮ ರಸ್ತೆಯ ರಾಯರು ವಿಜಯಾ ಬ್ಯಾಂಕಿನಿಂದ ನಿವೃತ್ತರು. 1931ರಲ್ಲಿ ಇದೇ ಊರಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದಾಗ ಊರೇ ಮರುಗಿತು. ರಾಯರು ಮಾತ್ರ, "ಪೆನ್ಶನ್ ಬಂದರಾಯ್ತಲ್ಲ ಮಾರಾಯ್ರೆ" ಎಂದು ಪೇಪರ್ ಮಡಚಿಟ್ಟರು. ಇಡೀ ಬ್ಯಾಂಕು ಹೋದರೂ ಅಲುಗದ ಆಸಾಮಿ, ಪಕ್ಕದ ಮನೆಯ ಟೀಚರ್ ನೆಟ್ಟ ದಾಸವಾಳ ಒಂದು ಗೇಣು ಈಚೆ ಬಾಗಿದ್ದಕ್ಕೆ ನಿದ್ದೆಗೆಟ್ಟರು. ಟೀಚರ ಹಲಸಿನ ಮರದಿಂದ ಈಚೆ ಬಿದ್ದ ತರಗೆಲೆ ಅತಿಕ್ರಮಣ. ಹಣ್ಣು ಬಿದ್ದರೆ ದೇವರು ಕೊಟ್ಟದ್ದು.

ಇದರಲ್ಲಿ ನಮ್ಮ ಅಳತೆಯ ತಪ್ಪೂ ಉಂಟು ಎಂದು ನನ್ನ ಗುಮಾನಿ. ಘಟ್ಟದ ಮೇಲಿನವರು ಗುಂಟೆಯಲ್ಲಿ ಅಳೆಯುತ್ತಾರೆ, ಎಕರೆಗೆ ನಲವತ್ತೇ. ಮದರಾಸು ಪ್ರಾಂತ್ಯದ ಋಣ ಹೊತ್ತ ನಮಗೆ ಸೆಂಟ್ಸು, ಎಕರೆಗೆ ನೂರು. ಸೆಂಟ್ಸಿಗೆ 435.6 ಚದರಡಿ. ಆ ಬಿಂದುವಿನ ಆಚೆಯ ಆರಕ್ಕೂ ಹೊಡೆದಾಡಬಲ್ಲವರು ನಾವು. ರಾಯರ ಕ್ರಯಪತ್ರದಲ್ಲಿ ಒಂಬತ್ತೂವರೆ ಸೆಂಟ್ಸು, ಅವರ ಟೇಪಿನಲ್ಲಿ ಒಂಬತ್ತೂಕಾಲು. ಕಾಲು ಸೆಂಟ್ಸು ಟೀಚರ ಹೊಟ್ಟೆಗೆ ಹೋಗಿದೆ ಎಂದು ತೀರ್ಪೂ ಆಯಿತು.

ಹಾಗೆಂದು ಮಾತುಕತೆ ನಿಲ್ಲಲಿಲ್ಲ. ಕ್ರಿಸ್‌ಮಸ್ಸಿಗೆ ಕೆಂಪುಕಲ್ಲಿನ ಕಂಪೌಂಡಿನ ಮೇಲಿಂದ ಟೀಚರ ಕುಸ್ವಾರಿನ ತಟ್ಟೆ ಈಚೆ ಬಂತು. ರಾಯರು ನೆವ್ರಿಗಳನ್ನೆಲ್ಲ ಮುಗಿಸಿ, ತಟ್ಟೆ ತೊಳೆಸಿ, ಅದರಲ್ಲೇ ತಕರಾರಿನ ಕಾಗದ ಇಟ್ಟು ಹಿಂತಿರುಗಿಸಿದರು. ಚೌತಿಗೆ ಪಂಚಕಜ್ಜಾಯ ಆಚೆ ಹೋಯಿತು, ಬಾಯಿಮಾತಿನ ಎಚ್ಚರಿಕೆಯೊಂದಿಗೆ.

ಕೊನೆಗೊಂದು ದಿನ ರಾಯರು ಬ್ರಹ್ಮಾಸ್ತ್ರ ತೆಗೆದರು. "ಟೀಚರೇ, ಹೀಗಾದ್ರೆ ಕಾನತ್ತೂರಿಗೆ ಹೋಗ್ಬೇಕಾದೀತು!" ವ್ಯಾಜ್ಯ ತೀರಿಸುವುದಕ್ಕೆ ಹೆಸರಾದ ಕಾಸರಗೋಡಿನ ಆ ದೈವಸ್ಥಾನದ ಹೆಸರೆತ್ತಿದರೆ ನಮ್ಮ ಕಡೆ ಎಂಥವರಿಗೂ ಒಮ್ಮೆ ಎದೆ ಝಲ್ಲೆನ್ನುತ್ತದೆ. ಟೀಚರು ಬಟ್ಟೆ ಒಣಗಿಸುತ್ತಲೇ, "ನಾನೂ ಬರ್ತೇನೆ ರಾಯರೇ, ಅಷ್ಟು ದೂರ ಬಸ್ಸಲ್ಲಿ ಆಗುದಿಲ್ಲ, ನಿಮ್ಮ ಕಾರಲ್ಲೇ ಹೋಗುವ" ಎಂದರು. ಪೆಟ್ರೋಲಿನ ರೇಟು ನೆನಪಾಗಿ ದೈವ ಬಚಾವಾಯಿತು. ರಾಯರು ಹದ್ದುಬಸ್ತಿಗೆ ಅರ್ಜಿ ಹಾಕಿದರು.

ಸರ್ವೆಯರು ಬಂದ ದಿನ ರಸ್ತೆಯವರೆಲ್ಲ ಹಾಜರು. ಹಳೇ ನಕ್ಷೆ ಬಿಚ್ಚಿ, ಟೀಚರ ಬದಿ ಅಳೆದರು. ಕಲ್ಲು ಹೂತಲ್ಲೇ ಇತ್ತು, ಗೋಡೆ ಗೆರೆಯ ಮೇಲೆಯೇ ಇತ್ತು. ಹಿಂದುಗಡೆ ಅಳೆದರು, ಸರಿಯಿತ್ತು. ಕೊನೆಗೆ ಎದುರಿನ ಗೇಟಿನ ಹತ್ತಿರ ಸರ್ವೆಯರು ರಸ್ತೆಗೆ ಇಳಿದು, ಕಾಂಕ್ರೀಟಿನ ಮೇಲೆ ಎರಡಡಿ ಆಚೆ ಸೀಮೆಸುಣ್ಣದಲ್ಲಿ ಗೀಟೆಳೆದರು.

"ರಸ್ತೆ ಅಗಲ ಮಾಡುವಾಗ ಜಾಗ ಬಿಟ್ಟುಕೊಟ್ಟಿದ್ರಾ?"

ಕೊಟ್ಟಿದ್ದರು. ಐವತ್ನಾಲ್ಕು ಅಡಿ ಉದ್ದಕ್ಕೆ ಎರಡಡಿ, ಪುಕ್ಕಟೆ. ಕಾರ್ಪೊರೇಟರು ಶಾಲು ಹೊದೆಸಿದ ಫೋಟೋ ಇವತ್ತಿಗೂ ರಾಯರ ಚಾವಡಿಯಲ್ಲಿ ತೂಗುತ್ತಿದೆ. ಗುಣಿಸಿ ನೋಡಿದರೆ ಕಾಲು ಸೆಂಟ್ಸಿಗೆ ಒಂದು ಚದರಡಿ ಮಾತ್ರ ಕಡಿಮೆ.

ಟೀಚರು ಒಳಗೆ ಹೋಗಿ ಎಲ್ಲರಿಗೂ ಪುನರ್ಪುಳಿ ಶರಬತ್ತು ತಂದರು. ರಾಯರು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಸರ್ವೆಯರನ್ನು ಬದಿಗೆ ಕರೆದು ಮೆಲ್ಲನೆ ಕೇಳಿದರು:

"ಆ ಒಂದು ಚದರಡಿ ಎಲ್ಲಿ ಹೋಯ್ತು ಮಾರಾಯ್ರೆ?"